ಸಂಕವಿಲ್ಲದ ಅಧ್ಯಕ್ಷೆ

ಗ್ರಾಮ ಪಂಚಾಯಿತಿ ನಡೆಸುವುದು ಏನು ಮಹಾ ಕೆಲಸ ಎಂದು ನಾನು ತಿಳಿದಿದ್ದೆ. ಅತ್ತೆ, ಮಾವ, ಮೈದುನ, ಕೆಲಸದವರು, ಹಾಲು ಕರೆಯಲು ಕೂತರೆ ಒದೆಯುವ ಎಮ್ಮೆ, ಇವರೆಲ್ಲರ ಮೇಲೆ ಒಬ್ಬ ಗಂಡ! ಇಷ್ಟನ್ನೂ ಒಂದೇ ಸೂರಿನಡಿ ಇಟ್ಟುಕೊಂಡು, ಯಾರೂ ಯಾರ ಮೇಲೂ ಕೈ ಮಾಡದಂತೆ ವರ್ಷಗಟ್ಟಲೆ ನೋಡಿಕೊಂಡವಳಿಗೆ ಒಂದು ಪಂಚಾಯಿತಿ ಯಾವ ಲೆಕ್ಕ? ನಮ್ಮ ಪಂಚಾಯಿತಿಯ ಹೆಸರನ್ನು ಮಾತ್ರ ಹೇಳುವುದಿಲ್ಲ. ಕೊಪ್ಪದಿಂದ ಬಾಳೆಹೊನ್ನೂರಿಗೆ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಎಂದುಕೊಳ್ಳಿ. ಹೆಸರು ಹೇಳಿದರೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ ನನ್ನನ್ನು ನೋಡಿ ನಗುತ್ತಾರೆ. ಈಗ ನಗುತ್ತಿರುವವರೇ ನನಗೆ ಬೇಕಾದಷ್ಟಾಗಿದ್ದಾರೆ.

ನಾನು ಚುನಾವಣೆಗೆ ನಿಂತ ಸುದ್ದಿ ನನಗೆ ಗೊತ್ತಾದದ್ದು ಊಟದ ಹೊತ್ತಿನಲ್ಲಿ. ಅಲ್ಲಿಯವರೆಗೆ ಸದಸ್ಯರಾಗಿದ್ದವರು ನಮ್ಮ ಮನೆಯವರು, ಶ್ರೀಧರ. ಆ ಸಲ ನಮ್ಮ ವಾರ್ಡು ಮಹಿಳೆಗೆ ಮೀಸಲಾಯಿತು. ಇವರು ಮಜ್ಜಿಗೆ ಬಡಿಸಿಕೊಳ್ಳುತ್ತಾ, ನಾಳೆ ಪಂಚಾಯಿತಿ ಆಫೀಸಿಗೆ ಹೋಗುವುದಿದೆ, ಒಳ್ಳೆಯ ಸೀರೆ ಉಟ್ಟುಕೋ, ಎಲೆಕ್ಷನ್ನಿಗೆ ನಿಂತಿದ್ದೀಯ ನೀನು ಎಂದರು. ಉಪ್ಪಿನಕಾಯಿ ಹಾಕು ಎನ್ನುವ ಧ್ವನಿಯಲ್ಲೇ ಹೇಳಿದರು. ನಾನೂ ಉಪ್ಪಿನಕಾಯಿ ಹಾಕಿದೆ.

ಗೆದ್ದೆ. ಅಧ್ಯಕ್ಷ ಸ್ಥಾನವೂ ಮಹಿಳೆಗೇ ಮೀಸಲಾಗಿತ್ತು. ಗೆದ್ದ ಹೆಂಗಸರಲ್ಲಿ ಯಾರ ಗಂಡನ ಬಾಯಿ ದೊಡ್ಡದು ಎಂದು ನೋಡಿ ನನ್ನನ್ನು ಅಧ್ಯಕ್ಷೆ ಮಾಡಿದರು. ಮೊದಲ ಸಭೆಯಲ್ಲಿ ಹಾರವನ್ನು ನನ್ನ ಕೊರಳಿಗೆ ಹಾಕಿದರು, ಕುರ್ಚಿಯಲ್ಲಿ ಇವರನ್ನು ಕೂರಿಸಿದರು. ನಾನು ಗೋಡೆ ಬದಿಯ ಬೆಂಚಿನ ಮೇಲೆ ಹಾರ ಹಾಕಿಕೊಂಡು ಕೂತೆ. ಕಾರ್ಯದರ್ಶಿಯವರು ಪ್ರತಿ ವಿಷಯಕ್ಕೂ "ಅಧ್ಯಕ್ಷರು ಹೇಳಿದ ಹಾಗೆ" ಎಂದು ಇವರ ಮುಖ ನೋಡುವುದು, ಇವರು ತಲೆ ಆಡಿಸುವುದು, ಆಮೇಲೆ ಪುಸ್ತಕ ನನ್ನ ಹತ್ತಿರ ಬರುವುದು, ನಾನು ಸಹಿ ಹಾಕುವುದು. ಚಹಾ ಕೂಡ ಮೊದಲು ಕುರ್ಚಿಗೆ, ಆಮೇಲೆ ಬೆಂಚಿಗೆ. ಹೀಗೆ ಮಳೆಗಾಲ, ಚಳಿಗಾಲ ಎರಡೂ ಕಳೆದವು. ನನ್ನ ಹೊಟ್ಟೆಯೊಳಗಿನ ಉರಿ ಮಾತ್ರ ಯಾವ ಕಾಲದಲ್ಲೂ ಆರಲಿಲ್ಲ.

ಒಂದು ದಿನ ಒಬ್ಬ ಹೆಂಗಸು ಆಫೀಸಿಗೆ ಬಂದಳು. ಬೆಂಚಿನ ಮೇಲಿದ್ದ ನನ್ನ ಪಕ್ಕ ಕೂತು, ಮೆಲ್ಲಗೆ ನನ್ನ ಕೈ ಹಿಡಿದು, ನಮ್ಮ ಕೇರಿಗೆ ನೀರಿಲ್ಲ, ಅಧ್ಯಕ್ಷರಿಗೆ ಸ್ವಲ್ಪ ಹೇಳಿ ಅಕ್ಕ, ನಿಮಗೆ ಅವರ ಪರಿಚಯ ಇರಬಹುದು ಎಂದಳು. ಪರಿಚಯ! ಇಪ್ಪತ್ತು ವರ್ಷದಿಂದ ಆ ಮನುಷ್ಯನ ಬನಿಯನ್ನು ಒಗೆಯುತ್ತಿದ್ದೇನೆ! ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ಹೋಗಿ ಕುರ್ಚಿಯ ಮುಂದೆ ನಿಂತೆ.

"ಏಳ್ರಿ."

"ಎಂತಕ್ಕೆ?"

"ನಾನು ಕೂರಕ್ಕೆ."

ಇವರು ನಗುತ್ತಾ ಸುತ್ತ ನೋಡಿದರು. ನಗಲು ಜೊತೆಗೆ ಯಾರೂ ಬರಲಿಲ್ಲ. ಎದ್ದರು. ನಾನು ಕೂತೆ. ಕೂತವಳು ಸುಮ್ಮನಿರಬಹುದಿತ್ತು. ಆದರೆ ಅಷ್ಟು ದಿನ ಕಟ್ಟಿಟ್ಟ ಸಿಟ್ಟು, ಒಂದೇ ಸಲಕ್ಕೆ ಮುಗಿಯುತ್ತದೆಯೇ? ಆ ವಾರವೇ ಒಂದು ಬೋರ್ಡು ಬರೆಸಿ ಸಭೆಯ ಕೋಣೆಯ ಬಾಗಿಲಿಗೆ ಹೊಡೆಸಿದೆ: "ಸಭೆ ನಡೆಯುವಾಗ ಸದಸ್ಯರಲ್ಲದವರಿಗೆ ಯಾವುದೇ ಕಾರಣಕ್ಕೂ ಪ್ರವೇಶವಿಲ್ಲ. ಅಧ್ಯಕ್ಷರ ಆದೇಶ." "ಯಾವುದೇ ಕಾರಣಕ್ಕೂ" ಎನ್ನುವುದನ್ನು ಕೆಂಪು ಬಣ್ಣದಲ್ಲಿ ಬರೆಸಿದ್ದೆ. ಉಳಿದ ಮಹಿಳಾ ಸದಸ್ಯರ ಗಂಡಂದಿರೂ ಅಂದಿನಿಂದ ಹೊರಗಿನ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂರುವಂತಾಯಿತು. ನನ್ನ ರಾಜಕೀಯ ಜೀವನದಲ್ಲಿ ಸರಿಯಾಗಿ ಜಾರಿಗೆ ಬಂದ ಆದೇಶ ಅದೊಂದೇ. ಎಷ್ಟು ಸರಿಯಾಗಿ ಜಾರಿಗೆ ಬಂತು ಎನ್ನುವುದನ್ನು ಮುಂದೆ ಹೇಳುತ್ತೇನೆ.

ಕುರ್ಚಿ ಸಿಕ್ಕಿತು. ಈಗ ಕೆಲಸ ಮಾಡಬೇಕಲ್ಲ? ಕೆಲಸ ತಾನಾಗಿಯೇ ಮನೆಗೆ ನಡೆದುಕೊಂಡು ಬಂತು. ಪಕ್ಕದ ಮನೆಯ ಗಿರಿಜ ಮಗಳು ಅನಿತಳನ್ನು ಕರೆದುಕೊಂಡು ಬಂದಳು. ಹುಡುಗಿ ಏಳನೇ ತರಗತಿ ಮುಗಿಸಿದ್ದಳು, ಓದಿನಲ್ಲಿ ಚುರುಕು. ಮುಂದೆ ಓದಲು ಹೈಸ್ಕೂಲಿಗೆ ಹೋಗಬೇಕು. ಹೈಸ್ಕೂಲು, ಪಂಚಾಯಿತಿ ಆಫೀಸು, ಬಸ್ಸಿನ ರಸ್ತೆ, ಎಲ್ಲ ಇರುವುದು ಹಳ್ಳದ ಆಚೆ. ನಮ್ಮ ಕೇರಿ ಮಾತ್ರ ಈಚೆ. ಬೇಸಿಗೆಯಲ್ಲಿ ಹಳ್ಳವನ್ನು ಕಲ್ಲಿನ ಮೇಲೆ ಕಾಲಿಟ್ಟು ದಾಟುತ್ತೇವೆ. ಮಳೆಗಾಲಕ್ಕೆ ಸಂಕವೇ ಗತಿ.

ಸಂಕವೆಂದರೆ ನಮ್ಮ ಕಡೆ ಹಳ್ಳಕ್ಕೆ ಅಡ್ಡ ಹಾಕುವ ಕಾಲುಸೇತುವೆ. ಪ್ರತಿವರ್ಷ ಮಳೆ ಹಿಡಿಯುವ ಮೊದಲು ಮನೆಗೊಬ್ಬರಂತೆ ಬಂದು, ಅಡಿಕೆ ಮರದ ಕಾಂಡಗಳನ್ನು ಹೊತ್ತು ತಂದು, ಎರಡು ದಡಕ್ಕೂ ಸೇರಿಸಿ ಬಳ್ಳಿಯಿಂದ ಬಿಗಿಯುತ್ತಾರೆ. ಹಿಡಿದುಕೊಳ್ಳಲು ಬದಿಗೊಂದು ಬಿದಿರಿನ ಗಳು. ಯಾರ ಅಪ್ಪಣೆಯೂ ಬೇಕಿಲ್ಲ, ಯಾರ ಸಹಿಯೂ ಬೇಕಿಲ್ಲ. ಕೇರಿಯ ಹಿರಿಯರಾದ ಸುಬ್ಬಣ್ಣಜ್ಜ ಒಂದು ದಿನ ಗೊತ್ತು ಮಾಡುತ್ತಾರೆ, ಆ ದಿನ ಎಲ್ಲರೂ ಬರುತ್ತಾರೆ, ಸಂಜೆಯೊಳಗೆ ಸಂಕ ಆಗುತ್ತದೆ. ಆದರೆ ಮಳೆಯಲ್ಲಿ ನೆನೆದು ಪಾಚಿ ಹಿಡಿದರೆ ಅದರ ಮೇಲೆ ಕಾಲು ನಿಲ್ಲುವುದಿಲ್ಲ. ಹಿಂದಿನ ವರ್ಷ ಅನಿತ ಆ ಕಡೆಯ ಅಂಗಡಿಗೆ ಹೋಗಿ ಬರುವಾಗ ಜಾರಿ, ಗಳು ಹಿಡಿದು ನೇತಾಡಿ, ಹೇಗೋ ಉಳಿದುಕೊಂಡಿದ್ದಳು. ಅವಳ ಅಜ್ಜಿ ಅಂದೇ ಹೇಳಿಬಿಟ್ಟಿದ್ದರಂತೆ, ಸಂಕ ದಾಟಿ ಓದುವ ಓದು ಈ ಹುಡುಗಿಗೆ ಬೇಡ ಎಂದು.

"ಸಿಮೆಂಟಿನ ಸಂಕ ಒಂದು ಆದ್ರೆ ನಮ್ಮತ್ತೆ ಬಾಯಿ ಮುಚ್ಚಿಸ್ಬಹುದು ಸುಲೋಚನಕ್ಕ. ಇಲ್ದಿದ್ರೆ ಇವಳ ಶಾಲೆ ಇಲ್ಲಿಗೇ ಮುಗೀತು" ಎಂದಳು ಗಿರಿಜ.

ಮುಗಿಯುವುದೇ? ನಾನು ಅಧ್ಯಕ್ಷೆಯಾಗಿರುವಾಗ? ಅನಿತಳ ತಲೆ ಮೇಲೆ ಕೈಯಿಟ್ಟು, ಮಳೆಗಾಲ ಮುಗಿಯುವುದರೊಳಗೆ ಸಿಮೆಂಟಿನ ಸಂಕದ ಮೇಲೆ ನಡೆದು ಹೋಗುತ್ತೀಯ ನೀನು ಎಂದು ಮಾತು ಕೊಟ್ಟೆ. ಹುಡುಗಿ ನನ್ನನ್ನು ನಂಬಿದಳು. ಅದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೇ ಮೈಯೆಲ್ಲ ಉರಿಯುತ್ತದೆ.

ಮರುದಿನವೇ ಕೊಪ್ಪಕ್ಕೆ ಹೋಗಿ ಎಂಜಿನಿಯರನ್ನು ಕಂಡೆ. ಅವರ ಮೇಜಿನ ಮುಂದೆ ನಿಂತು ಎಲ್ಲ ವಿವರಿಸಿದೆ. ಅವರು ಪೆನ್ನಿನ ಮುಚ್ಚಳ ಕಚ್ಚುತ್ತಾ ಕೇಳಿಸಿಕೊಂಡರು.

"ಈಗ ಅಲ್ಲಿ ಸಂಕ ಇದೆಯಾ?"

"ಇದೆ ಸರ್. ವರ್ಷಾ ವರ್ಷ ಊರವರೇ ಹಾಕ್ತೀವಿ."

"ಇದೆಯಲ್ಲಮ್ಮ ಮತ್ತೆ? ಏನೂ ಇಲ್ಲದ ಊರುಗಳೇ ಸಾಲಾಗಿ ನಿಂತಿದಾವೆ. ಇರೋ ಕಡೆಗೆ ಯಾಕೆ?"

ಬಸ್ಸಿನಲ್ಲಿ ವಾಪಸು ಬರುವಾಗ ಹಲ್ಲು ಕಡಿಯುತ್ತಾ ಬಂದೆ. ನಾವು ಕೈಯಾರೆ ದುಡಿದು ಸಂಕ ಹಾಕಿಕೊಂಡದ್ದೇ ತಪ್ಪಾಯಿತಂತೆ! ಹಾಕಿಕೊಳ್ಳದೆ ಹಳ್ಳಕ್ಕೆ ಬಿದ್ದು ಸಾಯುತ್ತಿದ್ದರೆ ಸರ್ಕಾರಕ್ಕೆ ಕಣ್ಣು ಕಾಣಿಸುತ್ತಿತ್ತಂತೆ! ಹೀಗೆ ಕುದಿಯುತ್ತಿರುವಾಗಲೇ, ಮನೆಗೆ ಇನ್ನೂ ಎರಡು ತಿರುವು ಇದೆ ಎನ್ನುವಾಗ, ನನ್ನ ತಲೆಗೆ ಆ ದಿವ್ಯವಾದ ಆಲೋಚನೆ ಹೊಳೆಯಿತು. ಸಂಕ ಇರುವುದರಿಂದ ತಾನೆ ಸಂಕ ಸಿಗದಿರುವುದು? ಈ ವರ್ಷ ಸಂಕವನ್ನೇ ಹಾಕದಿದ್ದರೆ? ನಾನು ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಸುಬ್ಬಣ್ಣಜ್ಜ ಸಂಕದ ದಿನ ಗೊತ್ತು ಮಾಡಿದಾಗ ನಾನು ಕೇರಿಯವರನ್ನೆಲ್ಲ ಸೇರಿಸಿದೆ. ಈ ವರ್ಷ ಯಾರೂ ಒಂದು ಕಾಂಡ ಕೂಡ ಎತ್ತಬಾರದು, ಎಂಜಿನಿಯರು ಬಂದು ನೋಡುವಾಗ ಹಳ್ಳ ಬರಿದಾಗಿರಬೇಕು, ಇದು ಅಧ್ಯಕ್ಷೆಯಾಗಿ ನನ್ನ ತೀರ್ಮಾನ ಎಂದು ಭಾಷಣ ಮಾಡಿದೆ. ಸುಬ್ಬಣ್ಣಜ್ಜ ತಲೆ ಕೆರೆದುಕೊಂಡರು.

"ಅಲ್ಲ ತಂಗಿ, ಸಂಕ ಹಾಕ್ದೆ ಮಳೆಗಾಲ ಕಳ್ದಿದ್ದು ನನ್ನಪ್ಪನ ಕಾಲದಲ್ಲೂ ಇಲ್ಲ. ಸಿಮೆಂಟು ಬಂದ್ಮೇಲೆ ಮರದ್ದು ತೆಗೆದ್ರೆ ಆಗದನಾ?"

ಆಗದು ಅಜ್ಜ, ನಿಮಗೆ ಸರ್ಕಾರದ ವಿಷಯ ಗೊತ್ತಾಗುವುದಿಲ್ಲ ಎಂದೆ. ಹೌದು, ಹಾಗೆಯೇ ಅಂದೆ! ಕುರ್ಚಿಯಲ್ಲಿ ಕೂತು ಇನ್ನೂ ಎರಡು ತಿಂಗಳಾಗಿರಲಿಲ್ಲ, ಸರ್ಕಾರವೆಲ್ಲ ನನಗೆ ಗೊತ್ತಾಗಿಬಿಟ್ಟಿತ್ತು. ಮನೆಗೆ ಬಂದ ಮೇಲೆ ಇವರು, ಮಾರಾಯ್ತಿ, ಆಫೀಸಿನವರ ಮಾತು ನಂಬಿ ಇದ್ದದ್ದನ್ನೂ ಕಳೆದುಕೊಳ್ಳಬೇಡ ಎಂದರು. ಇವರು ಹೇಳಿದರು ಎನ್ನುವ ಒಂದೇ ಕಾರಣಕ್ಕೆ ನನ್ನ ತೀರ್ಮಾನ ಇನ್ನಷ್ಟು ಗಟ್ಟಿಯಾಯಿತು.

ಮಳೆ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಹಳ್ಳ ಕೆಂಪಗೆ ತುಂಬಿ ಮರ ಗಿಡ ಉರುಳಿಸಿಕೊಂಡು ಹೋಗತೊಡಗಿತು. ಹೈಸ್ಕೂಲು ಶುರುವಾಯಿತು. ಹೊಸ ಯೂನಿಫಾರಂ ಹೊಲಿಸಿಕೊಂಡ ಅನಿತ ಈಚೆ ದಡದಲ್ಲಿ ಉಳಿದಳು. ಆಚೆಗೆ ಹೋಗಲು ಗುಡ್ಡ ಬಳಸುವ ಒಂದು ದಾರಿ ಇದೆ. ಗಂಡಸರೇ ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಮುಟ್ಟುವ ಕಾಡುದಾರಿ, ರಕ್ತ ಹೀರುವ ಉಂಬಳ ಮೈತುಂಬ ಹತ್ತುತ್ತದೆ. ದಿನಾ ಆ ದಾರಿಯಲ್ಲಿ ಹುಡುಗಿಯನ್ನು ಕಳಿಸುವವರು ಯಾರು? ನನ್ನ ಗುರಿ ಮಾತ್ರ ಎಂಜಿನಿಯರ ಮೇಲಿತ್ತು. ನೋಡಲಿ, ಕಣ್ಣಾರೆ ನೋಡಲಿ! ದಿನಾ ಫೋನು ಮಾಡಿದೆ. ಊರಿಗೆ ಆಗಷ್ಟೇ ಮೊಬೈಲು ಬಂದಿತ್ತು, ಸಿಗ್ನಲ್ಲು ಬಂದಿರಲಿಲ್ಲ. ಗುಡ್ಡದ ನೆತ್ತಿಯ ಬಂಡೆ ಹತ್ತಿದರೆ ಮಾತ್ರ ಒಂದು ಗೆರೆ ಮೂಡುತ್ತಿತ್ತು. ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ಬಂಡೆ ಹತ್ತಿ ಎಂಜಿನಿಯರನ್ನು ಪೀಡಿಸಿದೆ. ಕೊನೆಗೆ ಅವರು ಬಂದರು.

ಅವರ ಜೀಪು ಆಚೆ ದಡದಲ್ಲಿ ನಿಂತಿತು. ಈಚೆ ದಡದಲ್ಲಿ ನಾನು ಕೇರಿಯವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದೆ, ಎಲ್ಲರಿಗಿಂತ ಮುಂದೆ ಯೂನಿಫಾರಂ ಹಾಕಿ ಚೀಲ ಬೆನ್ನಿಗೇರಿಸಿದ ಅನಿತ. ನೋಡಿದವರ ಕರುಳು ಕಿವುಚಬೇಕು ಎಂದು ನನ್ನ ಲೆಕ್ಕ. ನಡುವೆ ಹಳ್ಳದ ಅಬ್ಬರ. ಎಂಜಿನಿಯರು ಎರಡೂ ಕೈ ಬಾಯಿಗೆ ಹಿಡಿದು, ಇಲ್ಲಿ ಜನ ದಾಟುತ್ತಾರಾ ಎಂದು ಕೂಗಿದರು. ನಾನು ಅದಕ್ಕಿಂತ ಜೋರಾಗಿ, ಒಬ್ಬರೂ ದಾಟುವುದಿಲ್ಲ ಸರ್, ದಾಟಲು ಸಾಧ್ಯವೇ ಇಲ್ಲ ಎಂದು ಕೂಗಿದೆ. ಸಂಕ ಎಲ್ಲಿ ಎಂದರು. ಇಲ್ಲವೇ ಇಲ್ಲ ಎಂದು ಎರಡೂ ಕೈ ಅಲ್ಲಾಡಿಸಿದೆ, ನನ್ನ ಹಿಂದೆ ಇಡೀ ಕೇರಿ ಕೈ ಅಲ್ಲಾಡಿಸಿತು. ಅವರು ತಲೆ ಆಡಿಸಿ, ಏನೋ ಬರೆದುಕೊಂಡು, ಜೀಪು ಹತ್ತಿ ಹೋದರು. ಕೆಲಸ ಆಯಿತು ಎಂದೆ ನಾನು. ಆ ದಿನ ಸಂಜೆ ಕೇರಿಗೆಲ್ಲ ನಮ್ಮ ಮನೆಯಲ್ಲಿ ಹಲಸಿನ ಹಪ್ಪಳ, ಕಾಫಿ!

ಆ ವರ್ಷದ ಕಾಮಗಾರಿಗಳನ್ನು ಅಖೈರು ಮಾಡುವ ಸಭೆ ಅದರ ನಂತರ ಬಂತು. ಯಾವ ಕೆಲಸಕ್ಕೆ ಹಣ ಎನ್ನುವುದು ಅಲ್ಲೇ ತೀರ್ಮಾನ. ಸಭೆಗೆ ನಾನು ಹೋಗಬೇಕು, ಸಂಕವನ್ನು ಪಟ್ಟಿಯ ತಲೆಯ ಮೇಲೆ ಬರೆಸಬೇಕು. ಹೊಸ ಸೀರೆ ಉಟ್ಟು, ಕೊಡೆ ಹಿಡಿದು, ಹಳ್ಳದವರೆಗೆ ಠೀವಿಯಿಂದ ನಡೆದು ಬಂದೆ. ನಿಂತೆ. ಮುಂದೆ ಹೋಗುವುದು ಹೇಗೆ?

ನಂಬಿ, ಅಲ್ಲಿಯವರೆಗೆ ಆ ವಿಷಯ ನನ್ನ ತಲೆಗೆ ಬಂದಿರಲಿಲ್ಲ. ಸಂಕ ಇಲ್ಲದಿರುವುದು ಊರಿಗೆ, ಅನಿತಳಿಗೆ, ಎಂಜಿನಿಯರಿಗೆ ಎಂದು ನಾನು ತಿಳಿದಿದ್ದೆನೇ ಹೊರತು, ನನಗೂ ಇಲ್ಲ ಎನ್ನುವುದನ್ನು ಯೋಚಿಸಿರಲೇ ಇಲ್ಲ! ಹಿಂದಿನ ಸಭೆಯ ಹೊತ್ತಿಗೆ ಹಳ್ಳ ಇನ್ನೂ ಬಡಕಲಾಗಿತ್ತು. ಈಗ ಹಾಳಾದ ನೀರು ದಡ ಮೀರಿ ಹರಿಯುತ್ತಿತ್ತು. ಗುಡ್ಡ ಬಳಸಿ ಹೋದರೆ ಸಭೆ ಮುಗಿದು ಬೀಗ ಹಾಕಿರುತ್ತಾರೆ. ನಾನು ಇಲ್ಲದಿದ್ದರೆ ಸಭೆ ನಡೆಸುವವರು ಉಪಾಧ್ಯಕ್ಷ ನಾಗೇಶಣ್ಣ. ಅವರಿಗೆ ಬಸ್‌ಸ್ಟಾಪಿನ ಎದುರು ದಿನಸಿ ಅಂಗಡಿ. ತೀರಿಹೋದ ತಂದೆಯ ಹೆಸರಿನಲ್ಲಿ ಅಂಗಡಿಯ ಪಕ್ಕ, ನಮ್ಮೂರ ರಸ್ತೆ ಶುರುವಾಗುವ ಕಡೆ, ಒಂದು ಸ್ವಾಗತ ಕಮಾನು ಕಟ್ಟಿಸಬೇಕೆಂದು ಅವರಿಗೆ ಬಹಳ ದಿನದ ಆಸೆ.

ಆಗ ನೆನಪಾಯಿತು, ನಮ್ಮ ಮನೆಯವರು ಆಚೆ ದಡದಲ್ಲೇ ಇದ್ದಾರೆ! ನೀರು ಏರುವ ಮೊದಲೇ ಕೊಪ್ಪದ ಅಕ್ಕನ ಮನೆಗೆ ಹೋದವರು ಅಲ್ಲೇ ಉಳಿದಿದ್ದರು. ಸೀರೆ ಎತ್ತಿಕಟ್ಟಿ ಗುಡ್ಡ ಹತ್ತಿದೆ. ಕೆಸರಿನಲ್ಲಿ ಎರಡು ಸಲ ಬಿದ್ದೆ. ಬಂಡೆಯ ಮೇಲೆ ನಿಂತು ಫೋನು ಹಚ್ಚಿ, ಕೂಡಲೇ ಪಂಚಾಯಿತಿಗೆ ಹೋಗಿ ಎಂದೆ. ಪಾಪ, ಸಿಕ್ಕಿದ ವ್ಯಾನು ಹತ್ತಿ ಹೋದರು. ಕಾಲಿಗೆ ಹತ್ತಿದ ಉಂಬಳಗಳನ್ನು ಕೀಳುತ್ತಾ ನಾನು ಬಂಡೆಯ ಮೇಲೆಯೇ ಕಾದೆ. ಮತ್ತೆ ಫೋನು ಮಾಡಿದೆ.

"ಎಲ್ಲಿದೀರಿ?"

"ಪಂಚಾಯ್ತಿ ಬಾಗಿಲಲ್ಲಿ."

"ಬಾಗಿಲಲ್ಲಿ ನಿಂತು ಎಂತ ಮಾಡ್ತೀರಿ? ಒಳಗೆ ಹೋಗಿ. ಸಂಕ ಸೇರಿಸ್ದೆ ಪಟ್ಟಿ ಮುಗಿಸ್ಬೇಡಿ ಅಂತ ಹೇಳಿ."

"ಹೋಗೋ ಹಾಗಿಲ್ಲ ಮಾರಾಯ್ತಿ. ಬೋರ್ಡು ಹಾಕಿದಾರೆ."

"ಯಾರ್ರೀ ಹಾಕಿದ್ದು?"



"ನೀನೇ."

ಜವಾನ ಬಾಗಿಲಿಗೆ ಅಡ್ಡ ನಿಂತಿದ್ದನಂತೆ. ಅಧ್ಯಕ್ಷರ ಆದೇಶ, ಅದರಲ್ಲೂ ಕೆಂಪು ಬಣ್ಣದಲ್ಲಿ ಬರೆದದ್ದು, ಅಧ್ಯಕ್ಷರ ಗಂಡನಿಗಾಗಿ ಮುರಿಯಲು ಆಗುತ್ತದೆಯೇ ಸರ್ ಎಂದು ಇವರನ್ನೇ ಕೇಳಿದನಂತೆ. ಇವರ ಧ್ವನಿಯಲ್ಲಿ ಒಂದಿಷ್ಟು ಖುಷಿ ಇತ್ತು ಎಂದು ನನಗೆ ಆಗಲೂ ಅನುಮಾನ, ಈಗಲೂ ಅನುಮಾನ. ಕಾರ್ಯದರ್ಶಿಯನ್ನು ಹೊರಗೆ ಕರೆದು ಫೋನು ಕೊಡಿ ಎಂದೆ. ಅವರು ಬಂದು, ತುಂಬಾ ವಿನಯದಿಂದ, ಎಂಜಿನಿಯರ ವರದಿ ಬಂದಿದೆ ಮೇಡಂ, ಓದುತ್ತೇನೆ ಎಂದರು. ಓದಿದರು: "ಸ್ಥಳ ಪರಿಶೀಲನೆಯ ವೇಳೆ ಸದರಿ ಹಳ್ಳದಲ್ಲಿ ಯಾವುದೇ ಸಂಕವಾಗಲೀ ಜನಸಂಚಾರವಾಗಲೀ ಕಂಡುಬಂದಿರುವುದಿಲ್ಲ. ಇಲ್ಲಿ ಯಾರೂ ದಾಟುವುದಿಲ್ಲವೆಂದು ಖುದ್ದು ಅಧ್ಯಕ್ಷರೇ ತಿಳಿಸಿರುತ್ತಾರೆ. ಆದ್ದರಿಂದ ಸದ್ಯಕ್ಕೆ ಸಂಕದ ಅವಶ್ಯಕತೆ ಇರುವುದಿಲ್ಲ."

ಇರುವ ಕಡೆಗೆ ಯಾಕೆ ಎಂದವರು, ಇಲ್ಲದ ಕಡೆಗೂ ಯಾಕೆ ಎಂದರು! ಆ ಎಂಜಿನಿಯರ ಆಫೀಸಿಗೆ ಸಿಡಿಲು ಬಡಿಯ! ಅವರ ಪೆನ್ನಿನ ಮುಚ್ಚಳ ಗಂಟಲಿಗೆ ಸಿಕ್ಕಿಕೊಳ್ಳಲಿ! ಬಂಡೆಯ ಮೇಲೆ ನಿಂತು ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಬೈದೆ. ಅತ್ತೆಯಿಂದ ಕಲಿತದ್ದನ್ನೂ ಬೈದೆ. ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ, ಅಷ್ಟರಲ್ಲಿ ಸಿಗ್ನಲ್ಲು ಹೋಗಿತ್ತು. ಮರುದಿನ ಗುಡ್ಡ ಬಳಸಿ ಮನೆಗೆ ಬಂದ ಇವರು ಸುದ್ದಿ ತಂದರು: ಸಭೆಯಲ್ಲಿ ಸ್ವಾಗತ ಕಮಾನು ಸರ್ವಾನುಮತದಿಂದ ಪಾಸಾಯಿತು.

ಆಮೇಲಿನದು ಹೇಳಲು ನನಗೆ ಮನಸ್ಸಿಲ್ಲ, ಆದರೂ ಹೇಳಲೇಬೇಕು. ಶಾಲೆ ತಪ್ಪಿಸಿಕೊಂಡು ಎಷ್ಟು ದಿನ ಇರಲು ಆಗುತ್ತದೆ? ಗಿರಿಜಳ ಅಣ್ಣ ನರಸಿಂಹರಾಜಪುರದಲ್ಲಿದ್ದಾರೆ. ಅನಿತಳನ್ನು ಅವರ ಮನೆಯಲ್ಲಿ ಬಿಟ್ಟು ಅಲ್ಲಿನ ಹೈಸ್ಕೂಲಿಗೆ ಸೇರಿಸುವುದೆಂದು ತೀರ್ಮಾನವಾಯಿತು. ಅಪ್ಪನ ಕೈ ಹಿಡಿದು ಗುಡ್ಡದ ದಾರಿಯಲ್ಲಿ ಹೊರಟ ಹುಡುಗಿಗೆ ನಾನು ಒಂದು ಡಬ್ಬಿ ಚಕ್ಕುಲಿ ಕೊಡಲು ಹೋದೆ. ಗಿರಿಜ ನಡುವೆ ಬಂದು ನಿಂತಳು. ಅವಳು ಕೂಗಾಡಲಿಲ್ಲ.

"ನೀವು ಅಧ್ಯಕ್ಷರಾಗಿದ್ದಕ್ಕೆ ನನ್ನ ಮಗಳು ಇನ್ನೊಬ್ಬರ ಮನೇಲಿ ಉಣ್ಣೋ ಹಾಗಾಯ್ತು ಸುಲೋಚನಕ್ಕ" ಎಂದಳು.

ಎಂಜಿನಿಯರ ಮೇಲೆ, ನಾಗೇಶಣ್ಣನ ಮೇಲೆ, ಇವರ ಮೇಲೆ, ಎಲ್ಲರ ಮೇಲೂ ಹಾಯಲು ನನ್ನಲ್ಲಿ ಸಿಟ್ಟಿತ್ತು. ಗಿರಿಜಳ ಮೇಲೆ ಹಾಯಲು ಏನೂ ಇರಲಿಲ್ಲ. ಡಬ್ಬಿ ಹಿಡಿದುಕೊಂಡು ಮನೆಗೆ ಬಂದೆ. ಚಕ್ಕುಲಿಯನ್ನು ಇವರು ತಿಂದರು.

ಮಳೆ ಸ್ವಲ್ಪ ಹೊಳವಾದ ಕೂಡಲೇ ಸುಬ್ಬಣ್ಣಜ್ಜ ಯಾರನ್ನೂ ಕೇಳದೆ ದಿನ ಗೊತ್ತು ಮಾಡಿದರು. ಅಧ್ಯಕ್ಷರ ಅಪ್ಪಣೆಗೆ ಈ ಸಲ ಯಾರೂ ಕಾಯಲಿಲ್ಲ. ನೀರು ಇನ್ನೂ ಸೊಂಟದವರೆಗೆ ಇತ್ತು. ಬೇಸಿಗೆಯಲ್ಲಿ ಒಂದು ದಿನದ ಕೆಲಸವಾಗುತ್ತಿದ್ದದ್ದು ಎರಡು ದಿನ ಹಿಡಿಯಿತು, ಒಬ್ಬರ ಕಾಲು ಉಳುಕಿತು. ನಮ್ಮ ಮನೆಯಿಂದ ನಾನೇ ಹೋದೆ, ಕಾಂಡದ ಒಂದು ತುದಿಗೆ ಹೆಗಲು ಕೊಟ್ಟೆ. ಬೇಡ ಎಂದು ಯಾರೂ ಹೇಳಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಕಮಾನು ಎದ್ದು ನಿಂತಿತು. ಎರಡು ಕಂಬ, ಮೇಲೆ ಬಿಲ್ಲಿನಾಕಾರ, ಎರಡೂ ಬದಿಗೆ ಕುದುರೆಯೋ ಸಿಂಹವೋ ಗೊತ್ತಾಗದ ಎರಡು ಪ್ರಾಣಿ. ಆಹ್ವಾನ ಪತ್ರಿಕೆಯಲ್ಲಿ "ಅಧ್ಯಕ್ಷರ ಅಮೃತಹಸ್ತದಿಂದ" ಎಂದು ನನ್ನ ಹೆಸರು! ಪತ್ರಿಕೆ ತಂದ ನಾಗೇಶಣ್ಣನ ಮುಖಕ್ಕೇ ಹೇಳಿದೆ, ಆ ಟೇಪಿಗೆ ನನ್ನ ಕೈ ಸೋಕುವುದಿಲ್ಲ, ಆ ದಿನ ನಾನು ಊರಲ್ಲೇ ಇರುವುದಿಲ್ಲ ಎಂದು. ನನ್ನ ಪ್ರತಿಭಟನೆ ಅದು. ಆವತ್ತು ನರಸಿಂಹರಾಜಪುರಕ್ಕೆ ಹೋಗಿ ಅನಿತಳನ್ನು ನೋಡಿ ಬರುವುದೆಂದು ನಿರ್ಧರಿಸಿದೆ. ಸುದ್ದಿ ಹೇಗೆ ತಿಳಿಯಿತೋ, ಬೆಳಿಗ್ಗೆ ಗಿರಿಜ ಬಂದು ಒಂದು ಚೀಲವನ್ನು ಜಗಲಿಯ ಮೇಲಿಟ್ಟಳು. ಒಳಗೆ ಸ್ವೆಟರು, ಹಪ್ಪಳ, ಉಪ್ಪಿನಕಾಯಿ. ಅವಳಿಗೆ ಕೊಡಿ ಎಂದಳು, ಹೋದಳು. ಎಷ್ಟೋ ತಿಂಗಳ ಮೇಲೆ ನನ್ನೊಂದಿಗೆ ಅವಳು ಆಡಿದ ಮಾತು ಅಷ್ಟೇ.

ಬಸ್ಸು ಹಿಡಿಯಲು ಕಮಾನಿನ ಕೆಳಗೇ ಹೋಗಬೇಕು, ಬೇರೆ ದಾರಿ ಇಲ್ಲ. ಉದ್ಘಾಟನೆ ಮುಗಿದಿರುತ್ತದೆ ಎಂದುಕೊಂಡಿದ್ದೆ. ಮುಗಿದಿರಲಿಲ್ಲ! ಅತಿಥಿಗಳು ತಡವಾಗಿ ಬಂದು, ಆಗಷ್ಟೇ ವಾಲಗ ಶುರುವಾಗಿತ್ತು. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಕೆಂಪು ಟೇಪು. ಟೇಪಿನ ಆಚೆ ಶಾಮಿಯಾನ, ಜನ, ಫೋಟೋದವನು, ತಟ್ಟೆಯಲ್ಲಿ ಕತ್ತರಿ. ಟೇಪಿನ ಈಚೆ ಒಬ್ಬಳೇ ನಾನು, ಕೈಯಲ್ಲಿ ಉಪ್ಪಿನಕಾಯಿ ಚೀಲ. ದೂರದ ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಅದು ತಪ್ಪಿದರೆ ಮಧ್ಯಾಹ್ನದವರೆಗೆ ಬೇರೆ ಬಸ್ಸಿಲ್ಲ.

ನನ್ನನ್ನು ಕಂಡ ನಾಗೇಶಣ್ಣ ಮುಖ ಅರಳಿಸಿ, ಬನ್ನಿ ಅಧ್ಯಕ್ಷರೇ, ನಿಮಗೇ ಕಾಯುತ್ತಿದ್ದೇವೆ ಎಂದು ಕೈ ಮುಗಿದರು. ಕಾಯುತ್ತಿದ್ದಾರಂತೆ! ಅಷ್ಟು ತಿಂಗಳಿನದೆಲ್ಲ ಒಟ್ಟಿಗೆ ಉಕ್ಕಿ ಬಂತು. ಸಂಕದ ದುಡ್ಡಿನಲ್ಲಿ ಸಿಂಹ ಕಟ್ಟಿಸಿದ್ದೀರಿ, ನಾಚಿಕೆಯಾಗಬೇಕು ನಿಮಗೆ, ಈ ಕಮಾನಿಗೆ ನನ್ನ ಧಿಕ್ಕಾರ ಎಂದು ಗಂಟಲು ಹರಿಯುವಂತೆ ಕೂಗಿದೆ. ವಾಲಗದವರು ಅದೇ ಹೊತ್ತಿಗೆ ಗಟ್ಟಿಮೇಳ ಹಿಡಿದಿದ್ದರು. ನನ್ನ ಮಾತು ನನಗೇ ಕೇಳಿಸಲಿಲ್ಲ. ಹೋಗಲಿ ಎಂದು ಕತ್ತರಿಯನ್ನು ಪಕ್ಕಕ್ಕೆ ತಳ್ಳಿ, ಟೇಪನ್ನು ಕೈಯಿಂದಲೇ ಕ್ರೋಧದಿಂದ ಕಿತ್ತು ಹರಿದು, ಸೀದಾ ನುಗ್ಗಿ ನಡೆದೆ.

ಜನ ಚಪ್ಪಾಳೆ ತಟ್ಟಿದರು! ನಾಲ್ಕು ಕಡೆಯಿಂದ ಹೂವಿನ ಪಕಳೆ ಬಿತ್ತು. ಫೋಟೋದವನ ಬೆಳಕು ಮಿಂಚಿತು. ಅತಿಥಿಗಳು, ಕತ್ತರಿ ಕೂಡ ಬೇಕಿಲ್ಲದ ಅಧ್ಯಕ್ಷರು, ಎಷ್ಟು ಉತ್ಸಾಹ ನೋಡಿ ಎಂದು ಮೈಕಿನಲ್ಲಿ ಹೊಗಳುತ್ತಿದ್ದದ್ದು ನಾನು ಬಸ್ಸು ಹತ್ತುವವರೆಗೂ ಕೇಳಿಸುತ್ತಿತ್ತು. ಆ ಫೋಟೋ ಆಮೇಲೆ ವಾರಪತ್ರಿಕೆಯಲ್ಲಿ ಬಂತು. ಸಿಟ್ಟಿನಿಂದ ನಾನು ಹಲ್ಲು ಕಚ್ಚಿದ್ದೆ, ಫೋಟೋದಲ್ಲಿ ಅದು ನಗುವಿನ ಹಾಗೆ ಕಾಣುತ್ತದೆ. ನಮ್ಮ ಮನೆಯವರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ, ಎಷ್ಟು ಜಗಳವಾಡಿದರೂ ತೆಗೆಯುವುದಿಲ್ಲ.

ನರಸಿಂಹರಾಜಪುರ ಮುಟ್ಟಿದಾಗ ಅನಿತ ಮಾವನ ಮನೆಯ ಬಾಗಿಲಲ್ಲೇ ಇದ್ದಳು. ಸ್ವಲ್ಪ ಎತ್ತರವಾಗಿದ್ದಳು, ಸ್ವಲ್ಪ ಸೊರಗಿದ್ದಳು. ಚೀಲ ಇಸಿದುಕೊಂಡಳು. ಅದರ ಹಿಡಿಗೆ ಸುತ್ತಿಕೊಂಡಿದ್ದ ಕೆಂಪು ಟೇಪಿನ ತುಂಡು ಅವಳ ಕಣ್ಣಿಗೆ ಬಿತ್ತು, ಮುಖವೆಲ್ಲ ಬೆಳಗಿತು.

"ಉದ್ಘಾಟನೆ ಮಾಡಿ ಬಂದ್ರಾ ದೊಡ್ಡಮ್ಮ? ಸಂಕಾನಾ?"

"ಅಲ್ಲ ಮಗ. ಕಮಾನು."

"ಕಮಾನು ಎಂತಕ್ಕೆ?"

ಅಷ್ಟು ಸಭೆ ನಡೆಯಿತು, ಅಷ್ಟು ಜನ ಸಹಿ ಹಾಕಿದರು, ಅಷ್ಟು ಜನ ಚಪ್ಪಾಳೆ ತಟ್ಟಿದರು. ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಊರಿಗೆ ಬರುವವರನ್ನು ಸ್ವಾಗತಿಸಲು ಎಂದು, ಊರು ಬಿಟ್ಟು ಬಂದ ಆ ಹುಡುಗಿಗೆ ಅಧ್ಯಕ್ಷೆಯಾದ ನಾನು ವಿವರಿಸಿದೆ.